ಭಾಗವಾಗದ ಮನೆ ನಂಬರು

ಕಾವ್ಯಗಳಲ್ಲಿ ಮಹಾಯುದ್ಧಕ್ಕೆ ಒಂದು ಮಾತು ಸಾಕು. ಯಾರೋ ಆಡುತ್ತಾರೆ, ಯಾರಿಗೋ ನಾಟುತ್ತದೆ, ಆಮೇಲೆ ಆನೆ, ಕುದುರೆ, ಕಾಲಾಳು ಎಲ್ಲ ಬಂದು ಸಾಲಾಗಿ ನಿಲ್ಲುತ್ತವೆ. ನಮ್ಮ ಬೀದಿಯಲ್ಲಿ ಆನೆ ಕುದುರೆಗಳಿಗೆ ಜಾಗವಿಲ್ಲ. ಒಂದು ಸ್ಕೂಟರು ತಿರುಗಿಸಬೇಕಾದರೂ ಹಿಂದೆ ಮುಂದೆ ಮಾಡಿ ಎದುರು ಮನೆಯವರ ಹೂಕುಂಡಕ್ಕೆ ಒಂದು ತಾಗಿಸಬೇಕು. ಆದರೂ ಇಲ್ಲಿ ಯುದ್ಧವೊಂದು ನಡೆಯಿತು. ಅದಕ್ಕೆ ಮೂಲವಾದ ಮಾತು ‘ಸುಮಾರು’.

ಆಡಿದವನು ಸುಮಾರಪ್ಪ. ಅದು ಹುಟ್ಟಿದಾಗ ಇಟ್ಟ ಹೆಸರಲ್ಲ, ಅವನು ದುಡಿದು ಸಂಪಾದಿಸಿಕೊಂಡದ್ದು. ಬಸ್ ನಿಲ್ದಾಣದಲ್ಲಿ ‘ವಿಚಾರಣೆ’ ಎಂದು ಬೋರ್ಡು ತೂಗುವ ಕಿಂಡಿಯ ಹಿಂದೆ ಕೂತು, “ಹತ್ತು ಗಂಟೆ ಬಸ್ಸು ಎಷ್ಟೊತ್ತಿಗೆ ಬರುತ್ತೆ ಸ್ವಾಮಿ?” ಎಂದವರಿಗೆ “ಸುಮಾರು ಹತ್ತಕ್ಕೆ” ಎನ್ನುವುದು ಅವನ ನೌಕರಿ. ಬಸ್ಸು ಹನ್ನೆರಡಕ್ಕೆ ಬಂದರೂ ಯಾರೂ ಅವನ ಕೊರಳಪಟ್ಟಿ ಹಿಡಿಯುವಂತಿರಲಿಲ್ಲ. ಆ ಮಾತಿನೊಳಗೆ ಹನ್ನೆರಡು ಗಂಟೆಯೂ ಕಾಲು ಚಾಚಿ ಮಲಗುವಷ್ಟು ಜಾಗವಿತ್ತು. ಕಿಂಡಿಯಲ್ಲಿ ಕಲಿತ ಈ ವಿದ್ಯೆಯನ್ನು ಅವನು ಮನೆಗೂ ತಂದಿದ್ದ. ಉಪ್ಪು ಸರಿಯಾಗಿದೆಯೇ ಎಂದರೆ “ಸುಮಾರು ಸರಿಯಾಗಿದೆ.” ಬಾಗಿಲು ಹಾಕಿದೆಯಾ ಎಂದರೆ “ಸುಮಾರು ಹಾಕಿದೀನಿ.” ಈ ಎರಡನೆಯ ಉತ್ತರದ ದೆಸೆಯಿಂದ ಒಂದು ಬೀದಿನಾಯಿ ಅಡುಗೆಮನೆಯವರೆಗೂ ಬಂದು, ಊಟ ಮುಗಿಸಿಕೊಂಡು, ಬಂದ ದಾರಿಯಲ್ಲೇ ಮರ್ಯಾದೆಯಿಂದ ಹೊರಟುಹೋಗಿತ್ತು.

ಮನೆ ಒಂದು, ಒಲೆ ಒಂದು, ಸಂಸಾರ ಎರಡು. ಅಣ್ಣ ಸೋಫಾ ಮಾಡಿಸಿ ಮಾರುವ ಯಜಮಾನ. ಅತ್ತಿಗೆ ಅಡುಗೆಯಲ್ಲಿ ಎತ್ತಿದ ಕೈ. ಸುಮಾರಪ್ಪನ ಹೆಂಡತಿಗೆ ಔಷಧಿ ಅಂಗಡಿಯಲ್ಲಿ ಕೆಲಸ. ಅವಳು ಯಾವತ್ತಾದರೂ ಒಲೆಯ ಮುಂದೆ ನಿಂತರೆ ಪಲ್ಯವೂ ದಿನಕ್ಕೆರಡು ಚಮಚ, ಊಟದ ನಂತರ ಎಂಬ ಅಳತೆಯಲ್ಲೇ ಬರುತ್ತಿತ್ತು. ಹೀಗಾಗಿ ಒಲೆ ಅತ್ತಿಗೆಯದು, ಎಲ್ಲರೂ ಒಂದೇ ಮೇಜಿನಲ್ಲಿ ಊಟ. ಅಣ್ಣ ಈ ತುದಿ, ತಮ್ಮ ಆ ತುದಿ.

ಒಂದು ದಿನ ಅಣ್ಣ ಸ್ವಂತ ಮನೆಗೆಂದೇ ಒಂದು ಸೋಫಾ ಮಾಡಿಸಿ ಹಜಾರದಲ್ಲಿಟ್ಟ. ಅದನ್ನು ಸೋಫಾ ಎನ್ನುವುದು ಅರಮನೆಯನ್ನು ಛತ್ರ ಎಂದ ಹಾಗೆ. ನೇರಳೆ ಮಖಮಲ್ಲಿನ ಮೈ, ಬಾತುಕೋಳಿಯ ಎದೆಯಂತೆ ಉಬ್ಬಿದ ಒರಗು, ಸಿಂಹದ ಪಂಜದಂಥ ಕಾಲು, ಕೂತರೆ ನಿಟ್ಟುಸಿರಿಡುವ ಸ್ಪ್ರಿಂಗು. ನೋಡಲು ಬೀದಿಯ ನಾಲ್ಕು ಜನ ಬಂದಿದ್ದರು. “ಅಬ್ಬಬ್ಬಾ” ಎಂದವರು ಕೆಲವರು, ಮುಟ್ಟಿ ನೋಡಿ ಕೈ ಒರೆಸಿಕೊಂಡವರು ಕೆಲವರು. ಮಗ್ಗುಲ ಮನೆಯ ಬಾಡಿಗೆಯಮ್ಮ, ಅಂದರೆ ತನ್ನ ಮನೆಯ ಬಚ್ಚಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದ ಆ ಮಹಾತಾಯಿ, “ಇದರಲ್ಲಿ ಇಬ್ಬರು ಮಲಗಬಹುದು, ತಿಂಗಳಿಗೆ ಎಷ್ಟು ಬರುತ್ತೆ!” ಎಂದಳು. ಎಲ್ಲರ ಹೊಗಳಿಕೆ ಆದಮೇಲೆ ಅಣ್ಣ ಗಂಟಲು ಸರಿಮಾಡಿಕೊಂಡು, ಹಗುರವಾಗಿ ಕೇಳುವವನ ಹಾಗೆ ಕೇಳಿದ.

“ನೀನೇನೂ ಹೇಳಲಿಲ್ಲವಲ್ಲೋ?”

ಸುಮಾರಪ್ಪ ಆ ಹೊತ್ತಿನಲ್ಲಿ ಸೋಫಾದ ಮೇಲೆ ಎಷ್ಟು ಜನ ಕೂರಬಹುದೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದ. ‘ಸುಮಾರು ಹತ್ತು ಜನ ಕೂರಬಹುದು ಅಣ್ಣ’ ಎಂಬುದು ಅವನ ಸಂಕಲ್ಪ. “ಸುಮಾರು…” ಎಂದ. ಅಷ್ಟರಲ್ಲಿ ಟೀಯಲ್ಲಿ ಅದ್ದಿದ ಬಿಸ್ಕತ್ತು ಮುರಿದು ಬೀಳುವುದರಲ್ಲಿತ್ತು. ಬಾಯಿಗೆ ಹಾಕಿಕೊಂಡ. ಉಳಿದ ವಾಕ್ಯ ಬಿಸ್ಕತ್ತಿನ ಜೊತೆ ಒಳಗೆ ಹೋಯಿತು.

“ಸುಮಾರಾ?” ಎಂದ ಅಣ್ಣ.

ಬಾಯಿ ತುಂಬಿದ್ದರಿಂದ ಸುಮಾರಪ್ಪ ತಲೆಯಾಡಿಸಿದ.

“ಎಲ್ಲರ ಮುಂದೆ! ಮಖಮಲ್ಲು ಹುಡುಕಿ ತರಿಸಿದವನು ನಾನು. ಒಂದೊಂದು ಸ್ಪ್ರಿಂಗನ್ನೂ ಕೈಯಾರೆ ಒತ್ತಿ ನೋಡಿದವನು ನಾನು. ಒಡಹುಟ್ಟಿದವನ ಬಾಯಲ್ಲಿ ಸುಮಾರಂತೆ!”

“ಅಣ್ಣ, ನಾನು ಹೇಳಿದ್ದು…”

“ಹೇಳಿದ್ದು ಕೇಳಿಸ್ತು. ಇನ್ನು ಒಟ್ಟಿಗಿರೋದು ಬೇಡ. ಹಜಾರದ ನಡುವೆ ಗೋಡೆ ಬರುತ್ತೆ. ಆ ಕಡೆ ನೀನು ನಿನ್ನ ಸುಮಾರು, ಈ ಕಡೆ ನಾನು ನನ್ನ ಸೋಫಾ.”

ಅತ್ತಿಗೆ “ಗೋಡೆ ಯಾಕೆ, ಮಾತಿಗೆ ಮಾತು ಬಂತು ಅಷ್ಟೇ ತಾನೆ” ಎಂದಳು. ಸುಮಾರಪ್ಪನ ಹೆಂಡತಿ “ಹೌದು ಭಾವ” ಎಂದಳು. ಹೆಂಗಸರನ್ನು ಯಾರು ಕೇಳಿದರು? ಯಾರೂ ಕೇಳಲಿಲ್ಲ.

ಗೋಡೆ ಎದ್ದರೆ ಅಡುಗೆಮನೆ ಅಣ್ಣನ ಕಡೆಗೆ ಹೋಗುತ್ತಿತ್ತು. ಸುಮಾರಪ್ಪನ ಪಾಲಿಗೆ ಬರುವುದು ಕಿಟಕಿ, ಮೇಜಿನ ಅರ್ಧ, ಮತ್ತು ಇನ್ನುಳಿದ ಆಯುಷ್ಯಕ್ಕೆಲ್ಲ ಚಮಚದಲ್ಲಿ ಅಳೆದ ಪಲ್ಯ. ಅವನು ಎಲ್ಲರಿಗೂ ಹೇಳಿಕೊಂಡ ದುಃಖ ಪಲ್ಯದ್ದು. ಎದುರು ತುದಿಯಲ್ಲಿ ಅಣ್ಣ ಕೂತಿರದ ಮೇಜನ್ನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ; ಅದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಇಂಥ ಸಂಕಟದ ನಡುವೆ ಪುರಸಭೆಯವರು ಬೀದಿಯ ಮನೆಗಳಿಗೆಲ್ಲ ಹೊಸ ನಂಬರು ಕೊಟ್ಟರು. ಹಳೆಯದು ಎರಡಂಕಿ, ಹೊಸದು ಆರಂಕಿ. ಊರು ಬೆಳೆದದ್ದು ನಂಬರಿನಲ್ಲಾದರೂ ಕಾಣಲಿ ಎಂದಿರಬೇಕು. ಇವರ ಬಾಗಿಲಿಗೆ ಬಂದದ್ದು ೧೦೪೭೨೯. ತಗಡು ಹೊಡೆಯುವವನು ಎರಡು ಮೊಳೆ ಹೊಡೆದು, ಒಂದು ಹೆಬ್ಬೆರಳು ಜಜ್ಜಿಕೊಂಡು ಮುಂದಕ್ಕೆ ಹೋದ.

ಮಾರನೆಯ ಬೆಳಿಗ್ಗೆ ಸುಮಾರಪ್ಪ ಬಾಗಿಲು ತೆಗೆದರೆ ಗೇಟಿನ ಮುಂದೆ ಗಣಿತದ ಮೇಷ್ಟ್ರು ನಿಂತಿದ್ದರು. ಕಾಲೇಜಿನಿಂದ ನಿವೃತ್ತರಾದ ಮೇಲೂ ಗಣಿತ ಅವರಿಂದ ನಿವೃತ್ತವಾಗಿರಲಿಲ್ಲ. ರಸ್ತೆಯಲ್ಲಿ ಹೋಗುವ ವಾಹನಗಳ ನಂಬರನ್ನೆಲ್ಲ ಮನಸ್ಸಿನಲ್ಲಿ ಭಾಗಿಸುತ್ತ ನಡೆದು ಎರಡು ಸಲ ಚರಂಡಿಗೆ ಬಿದ್ದವರು. ಪೇಪರು ಕೇಳಲು ಬಂದಿರಬೇಕೆಂದು ಸುಮಾರಪ್ಪ ಪೇಪರು ಚಾಚಿದ.

“ಮಾತಾಡಬೇಡ, ಸುಮ್ನಿರು,” ಎಂದರು ಮೇಷ್ಟ್ರು, ತಗಡಿನಿಂದ ಕಣ್ಣು ಕೀಳದೆ. “ಎರಡರಿಂದ ಹೋಗಲ್ಲ. ಅಂಕಿ ಕೂಡಿದರೆ ಇಪ್ಪತ್ಮೂರು, ಮೂರರಿಂದಲೂ ಹೋಗಲ್ಲ. ಏಳು… ಎರಡು ಉಳಿಯುತ್ತೆ. ಹನ್ನೊಂದು… ಒಂಬತ್ತು ಉಳಿಯುತ್ತೆ. ಅಯ್ಯೋ ದೇವರೇ!”

ಮೇಷ್ಟ್ರು ತಿಂಡಿ ಕೂಡ ತಿನ್ನದೆ ಮನೆಗೆ ಓಡಿದರು. ಸಂಜೆ ಬಂದಾಗ ಅವರ ಎರಡು ಕೈಗೂ ಮೊಣಕೈವರೆಗೆ ಸೀಮೆಸುಣ್ಣ, ಕಣ್ಣಲ್ಲಿ ನೀರು.

“ಮುನ್ನೂರ ಇಪ್ಪತ್ಮೂರರವರೆಗೆ ನೋಡಿದರೆ ಸಾಕು. ಎಲ್ಲ ನೋಡಿದೆ ಕಣಯ್ಯಾ. ಯಾವುದರಿಂದಲೂ ಹೋಗಲಿಲ್ಲ. ನಿಮ್ಮದು ಅವಿಭಾಜ್ಯ!”

“ಏನು ಕಾಯಿಲೆ ಮೇಷ್ಟ್ರೇ ಅದು?”

“ಕಾಯಿಲೆ ಅಲ್ಲ, ಭಾಗ್ಯ! ಇದನ್ನ ಯಾರೂ ಭಾಗ ಮಾಡೋಕಾಗಲ್ಲ. ಒಂದರಿಂದ ಹೋಗುತ್ತೆ, ತನ್ನಿಂದ ತಾನೇ ಹೋಗುತ್ತೆ, ಮುಗೀತು. ಅದೂ ಎಷ್ಟನೆಯದು ಗೊತ್ತಾ? ಎರಡು, ಮೂರು, ಐದು, ಏಳು ಅಂತ ಅವಿಭಾಜ್ಯಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ಹತ್ತು ಸಾವಿರನೆಯದು ನಿಮ್ಮ ಬಾಗಿಲಲ್ಲಿ ಬಂದು ನಿಂತಿದೆ!”

ಸುಮಾರಪ್ಪನಿಗೆ ಹತ್ತು ಸಾವಿರ ಕೇಳಿಸಲಿಲ್ಲ. ಅವನ ಕಿವಿ ಹಿಂದಿನ ವಾಕ್ಯದಲ್ಲೇ ನಿಂತಿತ್ತು.

“ಯಾರೂ ಭಾಗ ಮಾಡೋಕಾಗಲ್ವಾ?”

“ಯಾರೂ.”

“ಅಣ್ಣನೂ?”

“ನಿಮ್ಮಣ್ಣ ಏನು, ಪ್ರಪಂಚದ ಯಾವ ಅಣ್ಣನ ಕೈಲೂ ಆಗಲ್ಲ.”

“ಮೇಷ್ಟ್ರೇ, ಇದು ಸುಮಾರು ನಿಜವೋ, ಪೂರ್ತಿ ನಿಜವೋ?”

“ಗಣಿತದಲ್ಲಿ ಸುಮಾರು ಅನ್ನೋದಿಲ್ಲ ಕಣೋ!” ಎಂದು ಮೇಷ್ಟ್ರು ಗುಡುಗಿದರು.

ಮೇಷ್ಟ್ರು ನಂಬರಿನ ಮಾತಾಡಿದರು, ಸುಮಾರಪ್ಪ ಮನೆಯ ಮಾತು ಕೇಳಿಸಿಕೊಂಡ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಇಂಥ ಸಂದರ್ಭದಲ್ಲೇ ಅನಾಹುತ ಹೆಚ್ಚು.

ಆವತ್ತು ಊಟಕ್ಕೆ ಕೂತಾಗ ಸುಮಾರಪ್ಪ ತನ್ನ ಜನ್ಮದಲ್ಲಿ ಮೊದಲ ಬಾರಿಗೆ ‘ಸುಮಾರು’ ಸೇರಿಸದೆ ಒಂದು ವಾಕ್ಯ ಹೇಳಿದ.

“ಈ ಮನೆ ಭಾಗ ಆಗಲ್ಲ ಅಣ್ಣ.”

ಅತ್ತಿಗೆಯ ಕೈಯಲ್ಲಿ ಸೌಟು ನಿಂತಿತು. ಅಣ್ಣ ತುತ್ತು ನುಂಗಿದ. “ಯಾರಪ್ಪಾ ಹೇಳಿದ್ದು?”

“ಲೆಕ್ಕ. ನಮ್ಮದು ಅವಿಭಾಜ್ಯ. ಮೇಷ್ಟ್ರು ದಿನವೆಲ್ಲ ಭಾಗಿಸಿ ನೋಡಿದ್ದಾರೆ. ಆಗಲಿಲ್ಲ.”

“ಮೇಷ್ಟ್ರಿಗೆ ಆಗದೆ ಇರಬಹುದು. ನಾನು ಎರಡು ಭಾಗ ಮಾಡಿಸ್ತೀನಿ.”

“ಎರಡು ಮಾಡಿದರೆ ಒಂದು ಉಳಿಯುತ್ತೆ.”

“ಉಳಿಯೋದು ಯಾರು?”

“ಅದನ್ನ ಕೇಳಿಲ್ಲ.”

“ಮೂರು ಮಾಡಿದರೆ?” ಎಂದಳು ಅತ್ತಿಗೆ, ಸುಮ್ಮನೆ ತಿಳಿದುಕೊಳ್ಳುವುದಕ್ಕೆ.

“ಎರಡು ಉಳಿಯುತ್ತೆ ಅತ್ತಿಗೆ. ಐದು ಮಾಡಿದರೆ ನಾಲ್ಕು. ಹಂಚಿದಷ್ಟೂ ಉಳಿಯೋದೇ ಜಾಸ್ತಿಯಾಗುತ್ತೆ.”

“ಒಳ್ಳೆ ನಂಬರು ಕಣ್ರೀ,” ಎಂದಳು ಅತ್ತಿಗೆ. “ನಮ್ಮ ಮನೆ ಅಡುಗೆಗೂ ಇದೇ ಗುಣ ಬಂದಿದ್ದರೆ!”

ಅಣ್ಣ ಎದ್ದು ಕೈ ತೊಳೆದ. “ನಾಳೆ ಗಾರೆಯವನು ಬರ್ತಾನೆ. ನಂಬರು ಬಂದು ಅಡ್ಡ ನಿಲ್ಲಲಿ, ನೋಡೋಣ.”

ಗಾರೆಯವನು ಬಂದ. ದಾರ ಹಿಡಿದು ಹಜಾರದ ನಡುವೆ ಕೂತ. ಸುಮಾರಪ್ಪ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿಯಲ್ಲಿ ವಿಷಯ ಹೇಳಿದ. ಗಾರೆಯವನು ದಾರ ಸುತ್ತಿಕೊಂಡು ಎದ್ದ.

“ಏನಯ್ಯಾ, ಹೊರಟೆ?” ಎಂದ ಅಣ್ಣ.

“ಈ ಮನೆ ಭಾಗ ಆಗಲ್ವಂತೆ ಯಜಮಾನ್ರೇ.”

“ನಂಬರಿಗೂ ಗೋಡೆಗೂ ಏನಯ್ಯಾ ಸಂಬಂಧ?”

“ಅದು ತಿಳಿದಿದ್ದರೆ ನಾನ್ಯಾಕೆ ಗಾರೆ ಕಲಸ್ತಿದ್ದೆ? ಕಾಲೇಜು ಮೇಷ್ಟ್ರೇ ಆಗಲ್ಲ ಅಂದಿದ್ದಾರೆ. ನಾಳೆ ಗೋಡೆ ಬಿದ್ದರೆ ಜನ ನಂಬರಿಗೆ ಬೈತಾರಾ? ನನಗೆ ಬೈತಾರೆ.”

ಗಾರೆಯವನು ಬೀದಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮುಂದೆ ಹೋಗಿತ್ತು. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರ ಮನೆ ಮುಂದೆ ಸಾಲು. ಪ್ರತಿಯೊಬ್ಬರಿಗೂ ತಮ್ಮ ಮನೆ ಭಾಗವಾಗುತ್ತದೆಯೇ ಎಂದು ತಿಳಿಯಬೇಕು. ಗಣಿತಕ್ಕೆ ಇಷ್ಟು ಮರ್ಯಾದೆ ಬಂದದ್ದನ್ನು ಮೇಷ್ಟ್ರು ತಮ್ಮ ನೌಕರಿಯುದ್ದಕ್ಕೂ ಕಂಡಿರಲಿಲ್ಲ. ಕಾಂಪೌಂಡಿನ ಗೋಡೆಯನ್ನೇ ಕಪ್ಪು ಹಲಗೆ ಮಾಡಿಕೊಂಡು, ಬಂದವರಿಗೆಲ್ಲ ಭಾಗಿಸಿ ಕೊಟ್ಟರು.

ಬಾಡಿಗೆಯಮ್ಮನ ನಂಬರು ಇವರದಕ್ಕಿಂತ ಒಂದು ಕಡಿಮೆ. ಅದು ಎರಡರಿಂದ ಹೋಗುತ್ತದೆ, ನಾಲ್ಕರಿಂದ ಹೋಗುತ್ತದೆ, ಎಂಟರಿಂದ, ಹದಿಮೂರರಿಂದ, ಹತ್ತೊಂಬತ್ತರಿಂದ, ಐವತ್ಮೂರರಿಂದ ಹೋಗುತ್ತದೆ ಎಂದರು ಮೇಷ್ಟ್ರು. ಬಾಡಿಗೆಯಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡಳು.

“ಐವತ್ಮೂರು ಜನಕ್ಕೆ ಹೋಗುತ್ತಾ? ಅಯ್ಯೋ, ನಾನು ತಿಳೀದೆ ನಾಲ್ಕೇ ಜನಕ್ಕೆ ಕೊಟ್ಟು ಕೂತಿದ್ದೆನಲ್ಲ!”

ಅಂದು ಸಂಜೆ ಅವಳು ಬಚ್ಚಲನ್ನು ಅಳೆಯುತ್ತಿದ್ದುದನ್ನು ಬಾಡಿಗೆಯವರು ಕಂಡು ನಡುಗಿದರು.

ಇನ್ನೊಂದು ಮಗ್ಗುಲ ಮನೆಯವರದು ಇವರದಕ್ಕಿಂತ ಒಂದು ಹೆಚ್ಚು. ಹೊಸದಾಗಿ ಮದುವೆಯಾದವರು. “ಎರಡರಿಂದ ಹೋಗುತ್ತೆ, ಮೂರರಿಂದಲೂ ಹೋಗುತ್ತೆ” ಎಂದು ಮೇಷ್ಟ್ರು ಸಂತೋಷವಾಗಿಯೇ ಹೇಳಿದ್ದರು. ಹುಡುಗಿ ಗಂಡನ ಕಡೆ ತಿರುಗಿದಳು.

“ಎರಡು ಅಂದರೆ ನಾವಿಬ್ಬರು. ಮೂರನೆಯವಳು ಯಾರ್ರೀ?”

ಪಾಪ, ಆ ಹುಡುಗ ಅವತ್ತಿನಿಂದ ಬೀದಿಯಲ್ಲಿ ನೆಲ ಬಿಟ್ಟು ಬೇರೇನನ್ನೂ ನೋಡದೆ ನಡೆಯುತ್ತಿದ್ದ.

ಅಣ್ಣ ಪುರಸಭೆಗೆ ಹೋದ. ಮನೆ ನಂಬರಿನ ವಿಭಾಗಕ್ಕೆ ಒಬ್ಬರು ಸಾಹೇಬರಿದ್ದರು. ಯಾವ ಪ್ರಶ್ನೆಗೂ ಹೌದು ಎನ್ನದೆ, ಇಲ್ಲ ಎನ್ನದೆ ಇಷ್ಟು ಮೇಲಕ್ಕೆ ಬಂದವರು. ನಡುವೆ ನಡುವೆ ಊರಿಂದೂರಿಗೆ ವರ್ಗವಾಗಿದ್ದರು ಅಷ್ಟೆ.

“ಒಂದೇ ಒಂದು ಹೆಚ್ಚಿಗೆ ಮಾಡಿಕೊಡಿ ಸಾಹೇಬ್ರೇ,” ಎಂದ ಅಣ್ಣ. “ಕೊನೆಗೆ ಇಪ್ಪತ್ತೊಂಬತ್ತಿದೆ, ಮೂವತ್ತು ಮಾಡಿ. ಮೂವತ್ತಾದರೆ ಭಾಗ ಆಗುತ್ತಂತೆ.”

“ಮೂವತ್ತು ಆ ಕಡೆ ಮನೆಯವರದು.”

“ಹಾಗಾದರೆ ಒಂದು ಕಡಿಮೆ ಮಾಡಿ.”

“ಅದು ಈ ಕಡೆ ಮನೆಯವರದು. ಮನೆ ನಂಬರು ಅಂದರೆ ಬಸ್ಸಿನ ಸೀಟಲ್ಲ ಯಜಮಾನ್ರೇ, ಸ್ವಲ್ಪ ಸರಿದುಕೊಳ್ಳಿ ಅನ್ನೋದಕ್ಕೆ.”

“ಅಂದರೆ ನನ್ನ ಸ್ವಂತ ಮನೆಯಲ್ಲಿ ಗೋಡೆ ಕಟ್ಟಬಾರದಾ?”

“ಕಟ್ಟಬಾರದು ಅಂತ ಈ ಕಚೇರಿ ಹೇಳಿಲ್ಲ. ಕಟ್ಟಬಹುದು ಅಂತಲೂ ಹೇಳಿಲ್ಲ. ನಾವು ಕೊಟ್ಟಿದ್ದು ನಂಬರು. ನಂಬರು ಏನು ಹೇಳುತ್ತೋ ಸ್ಥಳಕ್ಕೇ ಬಂದು ಕೇಳ್ತೀನಿ. ಭಾನುವಾರ ಇರ್ತೀರಾ?”

ಭಾನುವಾರ ಹಜಾರ ತುಂಬಿತು. ಕಿಟಕಿಯ ಸರಳುಗಳ ನಡುವೆ ಬೀದಿಯ ಮುಖಗಳೆಲ್ಲ ಬಂದು ಸಿಕ್ಕಿಕೊಂಡವು. ಸಾಹೇಬರನ್ನು ಸೋಫಾದ ನಡುಮಧ್ಯಕ್ಕೆ ಕೂರಿಸಿದರು. ಸ್ಪ್ರಿಂಗು ಅವರನ್ನು ಒಳಕ್ಕೆಳೆದುಕೊಂಡು ನಿಟ್ಟುಸಿರಿಟ್ಟಿತು. ಹೇಗಿದೆ ಎಂದು ಕೇಳಲು ಅಣ್ಣ ಬಾಯಿ ತೆರೆದ. ಏನು ಉತ್ತರ ಬಂದೀತೋ ಎಂಬ ಅಂಜಿಕೆಯಲ್ಲಿ ಮುಚ್ಚಿಕೊಂಡ. ಗಾರೆಯವನನ್ನು ಹಿಡಿದು ತಂದು ಮೂಲೆಯಲ್ಲಿ ನಿಲ್ಲಿಸಲಾಗಿತ್ತು. ಒಳಗೆ ಅಡುಗೆಮನೆಯಲ್ಲಿ ಓರಗಿತ್ತಿಯರಿಬ್ಬರೂ ಬಂದವರಿಗೆಲ್ಲ ಟೀ ಮಾಡುತ್ತ, ಲೋಟ ಸಾಲದೆ ಒಬ್ಬರಾದ ಮೇಲೆ ಒಬ್ಬರಿಗೆ ತೊಳೆದು ಕೊಡುತ್ತ ಇದ್ದರು. ಈ ಮನೆ ಒಂದಾಗಿರಬೇಕೋ ಎರಡಾಗಬೇಕೋ ಎಂದು ಸಾಹೇಬರೂ ಅವರನ್ನು ಕೇಳಲಿಲ್ಲ.

“ಮೇಷ್ಟ್ರೇ,” ಎಂದರು ಸಾಹೇಬರು, “ಸುತ್ತಿ ಬಳಸಿ ಬೇಡ. ೧೦೪೭೨೯ ಭಾಗ ಆಗುತ್ತೋ ಇಲ್ಲವೋ?”

“ಇಲ್ಲ,” ಎಂದರು ಮೇಷ್ಟ್ರು.

ಕಿಟಕಿಯಲ್ಲಿ ಗುಜುಗುಜು ಎದ್ದಿತು. ಅಣ್ಣನ ಮುಖ ಮಖಮಲ್ಲು ಕಿತ್ತ ಸೋಫಾದ ಹಾಗಾಯಿತು. ಸುಮಾರಪ್ಪ, ಸರಿಯಾಗಿ ಹತ್ತಕ್ಕೆ ಬಂದ ಹತ್ತು ಗಂಟೆ ಬಸ್ಸನ್ನು ಕಂಡವನ ಹಾಗೆ ಬಾಯಿ ತೆರೆದು ನಿಂತ. ಅಲ್ಲಿಗೆ ನಿಲ್ಲಿಸಿದ್ದರೆ ಸಭೆ ಮುಗಿದು, ಎಲ್ಲರೂ ಊಟಕ್ಕೆ ಎದ್ದು, ಇದೊಂದು ಕಥೆಯೇ ಆಗುತ್ತಿರಲಿಲ್ಲ. ಆದರೆ ಕೇಳುವವರು ಸಿಕ್ಕ ಮೇಷ್ಟ್ರು ಒಂದು ವಾಕ್ಯಕ್ಕೆ ನಿಲ್ಲುವುದುಂಟೇ?

“ಆದರೆ,” ಎಂದರು ಮೇಷ್ಟ್ರು. “ಇದರ ಚಮತ್ಕಾರ ಇನ್ನೂ ಇದೆ. ನಾಲ್ಕರಿಂದ ಭಾಗಿಸಿದಾಗ ಒಂದು ಉಳಿಯೋ ಅವಿಭಾಜ್ಯ ಇದು. ಇಂಥದ್ದು ಭಾಗ ಆಗಲ್ಲ, ನಿಜ. ಆದರೆ ಎರಡು ವರ್ಗಗಳಾಗಿ ಒಡೆಯುತ್ತೆ.”

ಸಾಹೇಬರು ಸೋಫಾದ ಆಳದಿಂದ ಒಂದೇ ಏಟಿಗೆ ಎದ್ದು ನಿಂತರು. “ಎರಡು ವರ್ಗವಾ? ಯಾರಿಗೆ? ಎಲ್ಲಿಗೆ? ಈ ಊರಿಗೆ ಬಂದು ನಾನಿನ್ನೂ ಹಾಸಿಗೆ ಬಿಚ್ಚಿಲ್ಲ!”

“ಆ ವರ್ಗ ಅಲ್ಲ ಸಾಹೇಬ್ರೇ. ಒಂದು ಸಂಖ್ಯೆಯನ್ನ ಅದರಿಂದಲೇ ಗುಣಿಸಿದರೆ ಬರೋದು ವರ್ಗ. ಚೌಕ ಅಂತ ಇಟ್ಟುಕೊಳ್ಳಿ.”

“ಚೌಕವಾ,” ಎಂದು ಸಾಹೇಬರು ಮತ್ತೆ ಮುಳುಗಿದರು. “ಹಾಗೆ ಹೇಳಿ ಮತ್ತೆ. ಎಷ್ಟೆಷ್ಟು ಚೌಕ?”

“ಒಂದು ಮುನ್ನೂರ ಇಪ್ಪತ್ಮೂರರ ಚೌಕ. ಇನ್ನೊಂದು ಇಪ್ಪತ್ತರ ಚೌಕ. ಎರಡೂ ಕೂಡಿಸಿ, ಸರಿಯಾಗಿ ೧೦೪೭೨೯! ಅದೂ ಒಂದೇ ರೀತಿ. ಬೇರೆ ಯಾವ ಎರಡು ಚೌಕದಿಂದಲೂ ಬರಲ್ಲ.”

“ಒಂದೇ ರೀತಿ ಅಂದರೆ ತಕರಾರಿಗೆ ಜಾಗವೇ ಇಲ್ಲ.” ಸಾಹೇಬರ ಮುಖ ಅರಳಿತು. ಹೌದು ಎನ್ನದೆ, ಇಲ್ಲ ಎನ್ನದೆ ತೀರ್ಪು ಕೊಡುವ ದಾರಿ ಅವರಿಗೆ ಕೊನೆಗೂ ಕಂಡಿತ್ತು. “ಭಾಗ ಮಾಡೋ ಹಾಗಿಲ್ಲ. ಒಡೆಯಬಹುದು. ಏನಯ್ಯಾ ಗಾರೆಯವನೇ, ಅಳತೆ ಹಾಕು.”

“ಅಡಿಯಲ್ಲೋ, ಇಂಚಲ್ಲೋ?” ಎಂದ ಗಾರೆಯವನು.

“ಅಡಿಯಲ್ಲಿ ಹಾಕಿದರೆ ಬಸ್ ನಿಲ್ದಾಣ ದಾಟುತ್ತೆ. ಇಂಚಲ್ಲೇ ಹಾಕು.”

“ಅಯ್ಯೋ, ನಾನು ಹೇಳಿದ್ದು ಜಾಗದ ಚೌಕ ಅಲ್ಲ, ಸಂಖ್ಯೆಯ…” ಎಂದರು ಮೇಷ್ಟ್ರು. ಅವರ ಮಾತು ಟೇಪು ಬಿಚ್ಚುವ ಸದ್ದಿನಲ್ಲಿ ಮುಚ್ಚಿಹೋಯಿತು.

ಗಾರೆಯವನು ಹಿಂದಿನ ಗೋಡೆಯಿಂದ ಅಳೆಯುತ್ತ ಬಂದ. ಮುನ್ನೂರ ಇಪ್ಪತ್ಮೂರು ಇಂಚಿನ ಚೌಕದೊಳಗೆ ಅಡುಗೆಮನೆ ಸೇರಿತು, ಕೋಣೆಗಳು ಸೇರಿದವು, ಊಟದ ಮೇಜು ಎರಡು ತುದಿಯ ಸಮೇತ ಸೇರಿತು, ಸೋಫಾ ಸಾಹೇಬರ ಸಮೇತ ಸೇರಿತು. ಹೊರಗುಳಿದದ್ದು ಬಾಗಿಲ ಪಕ್ಕದಲ್ಲಿ ಚಪ್ಪಲಿ ಬಿಡುವ ಮೂಲೆ. ಅಲ್ಲಿ ಇಪ್ಪತ್ತಿಂಚಿಗೆ ಇಪ್ಪತ್ತಿಂಚು ಸೀಮೆಸುಣ್ಣದಲ್ಲಿ ಗೆರೆ ಎಳೆದು ಗಾರೆಯವನು ಎದ್ದು ನಿಂತ. ಎಲ್ಲರೂ ಬಗ್ಗಿ ನೋಡಿದರು.

ಕಿಟಕಿಯಿಂದ ಬಾಡಿಗೆಯಮ್ಮನ ದನಿ ಬಂತು. “ಇದನ್ನ ಬಾಡಿಗೆಗೂ ಕೊಡೋಕಾಗಲ್ಲ.”

ಅವಳ ಬಾಯಿಂದ ಈ ಮಾತು ಹಿಂದೆಂದೂ ಬಂದಿರಲಿಲ್ಲ. ಹಜಾರ ಗಂಭೀರವಾಯಿತು.

“ದೊಡ್ಡದು ಯಾರಿಗೆ, ಚಿಕ್ಕದು ಯಾರಿಗೆ?” ಎಂದರು ಸಾಹೇಬರು.

“ಅದನ್ನ ಗಣಿತ ಹೇಳಲ್ಲ,” ಎಂದರು ಮೇಷ್ಟ್ರು, ಸೋತ ದನಿಯಲ್ಲಿ. “ಯಾವುದನ್ನ ಮೊದಲು ಬರೆದರೂ ಮೊತ್ತ ಅದೇ.”

ಸುಮಾರಪ್ಪ ಸ್ವಲ್ಪ ಹೊತ್ತು ಊಟದ ಮೇಜನ್ನೇ ನೋಡುತ್ತ ನಿಂತಿದ್ದ. ಆಮೇಲೆ ಮೂಲೆಗೆ ಹೋಗಿ, ಕಾಲಿಗೆ ಸಿಕ್ಕಷ್ಟು ಚಪ್ಪಲಿಗಳನ್ನು ಆಚೆಗೆ ಸರಿಸಿ, ಗೆರೆಯೊಳಗೆ ನಿಂತ. ಕೈ ಎರಡೂ ಮೈಗೆ ಅಂಟಿಸಿಕೊಂಡ, ಕೈ ಬಿಟ್ಟರೆ ಮೊಣಕೈ ಅಣ್ಣನ ಪಾಲಿಗೆ ಹೋಗುತ್ತಿತ್ತು.

“ದೊಡ್ಡದು ಅಣ್ಣನಿಗೇ ಇರಲಿ. ದೊಡ್ಡವನು. ನನಗೆ ಇಷ್ಟು ಸಾಕು.”

“ಅಯ್ಯೋ ಪಾಪ!” ಎಂದಿತು ಕಿಟಕಿ. ಒಂದೇ ದನಿಯಲ್ಲಿ, ಮೇಳದವರು ಎತ್ತಿಕೊಟ್ಟ ಹಾಗೆ. ಹಿಂದೆ ನಿಂತ ಯಾರೋ ಮೆಲ್ಲಗೆ, ಆದರೆ ಒಳಗೆ ಕೇಳಿಸುವಷ್ಟು ಮೆಲ್ಲಗೆ, “ಸ್ವಂತ ತಮ್ಮನನ್ನ ಚಪ್ಪಲಿ ಜಾಗಕ್ಕೆ ನಿಲ್ಲಿಸಿಬಿಟ್ಟನಲ್ಲ” ಎಂದರು.

ಸೋಫಾವನ್ನು ಸುಮಾರು ಎಂದದ್ದನ್ನು ತಡೆಯಲಾರದ ಅಣ್ಣನಿಗೆ ಇದನ್ನು ತಡೆಯುವುದಾದೀತೇ? ಕೆಂಪಗಾದ.

“ಬಾರೋ ಈಚೆಗೆ!”

“ಇಲ್ಲ ಅಣ್ಣ. ಬಂದರೆ ನಿನ್ನ ಪಾಲಿಗೆ ಕಾಲಿಟ್ಟ ಹಾಗಾಗುತ್ತೆ.”

“ನಾಟಕ ಮಾಡ್ತೀಯಾ? ನಾನು ಇಪ್ಪತ್ತಿಂಚು ಕೊಟ್ಟೆ ಅಂತ ಬೀದಿಯೆಲ್ಲ ಆಡಿಕೊಳ್ಳಲಿ ಅಂತ ಅಲ್ಲಿ ನಿಂತಿದ್ದೀಯಾ?”

“ನೀನು ಕೊಟ್ಟಿಲ್ಲ ಅಣ್ಣ, ಲೆಕ್ಕ ಕೊಟ್ಟಿದ್ದು.”

“ಲೆಕ್ಕ ಯಾರಿಗೆ ಯಾವುದು ಅಂತ ಹೇಳಿಲ್ಲ! ಕೇಳಿಸ್ಲಿಲ್ವಾ ಮೇಷ್ಟ್ರು ಹೇಳಿದ್ದು? ಸರಿದುಕೋ ಆ ಕಡೆ. ಚಿಕ್ಕದು ನಂದು. ದೊಡ್ಡದು ನೀನೇ ಇಟ್ಕೋ.”

ಅಣ್ಣ ದಪದಪನೆ ಬಂದು ಗೆರೆಯೊಳಗೆ ಕಾಲಿಟ್ಟ. ಅಣ್ಣನದು ಸೋಫಾದಂಥ ಮೈ. ಇಪ್ಪತ್ತಿಂಚಿನಲ್ಲಿ ಒಬ್ಬನಿಗೇ ಉಸಿರಾಡಲು ಕಷ್ಟ. ಇಬ್ಬರೂ ಎದೆಗೆದೆ ತಾಗಿಸಿ, ಒಬ್ಬರ ಕೊರಳನ್ನೊಬ್ಬರು ಹಿಡಿದುಕೊಳ್ಳದೆ ನಿಲ್ಲುವಂತಿರಲಿಲ್ಲ. ದೂರದಿಂದ ನೋಡಿದವರಿಗೆ ಅದು ಅಪ್ಪುಗೆಯ ಹಾಗೆ ಕಾಣುತ್ತಿತ್ತು. ಹತ್ತಿರದಲ್ಲಿದ್ದವರಿಗೆ ಬೈಗುಳ ಕೇಳಿಸುತ್ತಿತ್ತು.

“ಇಳಿಯೋ ಕೆಳಗೆ!”

“ಇದೇ ಕೆಳಗಣ್ಣ. ನೀನೇ ಹೋಗು. ಅಡುಗೆಮನೆ ನಿಂದು.”

“ನನಗೆ ಬೇಡ ನಿನ್ನ ಅಡುಗೆಮನೆ!”

“ನಂದಲ್ಲ, ನಿಂದು! ಸೋಫಾನೂ ನಿಂದು. ಅವತ್ತು ನಾನು ಹೇಳಹೊರಟಿದ್ದು ಸುಮಾರು ಹತ್ತು ಜನ ಕೂರಬಹುದು ಅಂತ. ಬಾಯಲ್ಲಿ ಬಿಸ್ಕತ್ತಿತ್ತು.”

ಅಣ್ಣ ಹಿಡಿದಿದ್ದ ಕೊರಳನ್ನು ಸ್ವಲ್ಪ ಸಡಿಲಿಸಿದ.

“ಹತ್ತಲ್ವೋ ದಡ್ಡ. ಹನ್ನೆರಡು.”

“ಹನ್ನೆರಡಾ?”

“ಹತ್ತಿರ ಹತ್ತಿರ ಕೂತರೆ.” ಅಣ್ಣನ ದನಿ ತಗ್ಗಿತ್ತು. ಬೀದಿ ನೋಡುತ್ತಿರುವುದು ನೆನಪಾಗಿ ಮತ್ತೆ ಏರಿತು. “ಅದಿರಲಿ, ನಡಿ ಆಚೆ! ನಾನು ಇಲ್ಲಿಂದ ಕದಲಲ್ಲ.”

“ನಾನೂ ಕದಲಲ್ಲ.”

ಸಾಹೇಬರು ಸೋಫಾದಿಂದ ಬಿಡಿಸಿಕೊಂಡು ಬಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಪರಿಶೀಲಿಸಿದರು. ಗಾರೆಯವನು ದಾರ ಹಿಡಿದು, “ಗೋಡೆ ಎಲ್ಲಿ ಎಬ್ಬಿಸಲಿ ಸ್ವಾಮಿ?” ಎಂದ.

“ಎಲ್ಲಿ ಅಂತ ಎಬ್ಬಿಸ್ತೀಯಾ? ಪಾಲುದಾರರಿಬ್ಬರೂ ಒಂದೇ ಪಾಲಿನಲ್ಲಿ ವಾಸ ಇದ್ದಾರೆ. ಇಬ್ಬರೂ ಈ ಕಡೆಯೇ ಇದ್ದರೆ ನಡುವೆ ಅನ್ನೋದು ಎಲ್ಲಿಂದ ಬರುತ್ತೆ? ಮನೆ ಭಾಗ ಆಗಿಲ್ಲ ಅಂತ ಈ ಕಚೇರಿ ಹೇಳಲ್ಲ. ಆಗಿದೆ ಅಂತಲೂ ಹೇಳಲ್ಲ.” ಸಾಹೇಬರು ಚಪ್ಪಲಿ ಹುಡುಕಿಕೊಂಡರು. ಒಂದು ಸಿಕ್ಕಿತು. ಇನ್ನೊಂದು ಅಣ್ಣನ ಕಾಲಡಿಯಲ್ಲಿತ್ತು. ಕೇಳುವ ಧೈರ್ಯವಾಗದೆ ಅವರು ಅಲ್ಲೇ ನಿಂತರು.

ಹೊತ್ತು ಮಧ್ಯಾಹ್ನವಾಗಿತ್ತು. ಓರಗಿತ್ತಿಯರಿಬ್ಬರೂ ಟೀ ಲೋಟ ತೊಳೆದು ತೊಳೆದು ಸೋತು, ಅಡುಗೆ ಮುಗಿಸಿ, ಹಜಾರಕ್ಕೆ ಬಂದರು. ಖಾಲಿಯಾದ ಸೋಫಾದ ಮೇಲೆ ಕಾಲು ಮಡಚಿ ಕೂತರು. ಅದರ ಮೇಲೆ ಅವರಿಬ್ಬರೂ ಕೂತದ್ದು ಅದೇ ಮೊದಲು.

“ಮೆತ್ತಗಿದೆ ಅಲ್ವೇ ಅಕ್ಕ?” ಎಂದಳು ಕಿರಿಯವಳು.

“ಚೆನ್ನಾಗಿದೆ ಕಣೇ. ಒರಗಿ ನೋಡು.”

ಸಾಹೇಬರು ಒಂಟಿ ಚಪ್ಪಲಿಯಲ್ಲೇ ತಮ್ಮ ಕೊನೆಯ ಕರ್ತವ್ಯ ಮಾಡಿದರು. “ಇಬ್ಬರೂ ಚಿಕ್ಕದು ನನ್ನದು ಅಂತೀರಿ. ಇಬ್ಬರಿಗೂ ದೊಡ್ಡದು ಬೇಡ. ಹಾಗಾದರೆ ಈ ಮುನ್ನೂರ ಇಪ್ಪತ್ಮೂರು ಯಾರದ್ದು?”

ಅಣ್ಣ ತಮ್ಮನ ಕಿವಿ ನೋಡಿದ. ತಮ್ಮ ಅಣ್ಣನ ಅಂಗಿಯ ಗುಂಡಿ ನೋಡಿದ.

“ನಮ್ಮದು,” ಎಂದಳು ಅತ್ತಿಗೆ, ಸೋಫಾಕ್ಕೆ ಒರಗಿಕೊಂಡೇ. “ಊಟ ಆರ್ತಾ ಇದೆ. ಇಬ್ಬರೂ ಕಾಲು ಒರೆಸಿಕೊಂಡು ಒಳಗೆ ಬನ್ನಿ.”